ಚಿಕ್ಕಪ್ಪನ ಮೂಟೆಗಳು, ನನ್ನ ಮೇಜು

ನಮ್ಮ ಚಿಕ್ಕಪ್ಪನಷ್ಟು ಹಣ ಉಳಿಸಿದವರು ತಮಿಳುನಾಡಿನ ನಮ್ಮೂರು ಪಲ್ಲಡದಲ್ಲೆಲ್ಲ ಯಾರೂ ಇರಲಿಲ್ಲ. ಆ ಉಳಿದ ಹಣವನ್ನು ಕಣ್ಣಾರೆ ಕಂಡವರೂ ಯಾರೂ ಇರಲಿಲ್ಲ!

ಚಿಲ್ಲರೆ ಅಂಗಡಿಯ ನೆರಳು ಕಂಡರೂ ಅವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಕಾಲು ಕಿಲೋ ಬೇಳೆಯನ್ನು ಪೊಟ್ಟಣ ಕಟ್ಟಿಸಿ ತರುವವರನ್ನು ಕಂಡರೆ ಅವರಿಗೆ ಮರುಕ. ಪೊಟ್ಟಣದ ಕಾಗದಕ್ಕೂ ದಾರಕ್ಕೂ ನಾವೇ ದುಡ್ಡು ತೆರುತ್ತೇವೆ ಎಂಬುದು ಅವರ ಸಂಶೋಧನೆ. ಹಾಗಾಗಿ ನಮ್ಮ ಮನೆಗೆ ಬೇಳೆ, ಮೆಣಸಿನಕಾಯಿ, ಹುಣಸೆ, ಉಪ್ಪು ಎಲ್ಲವೂ ಮೂಟೆಯಲ್ಲೇ ಬರಬೇಕು. ಮೂಟೆಗಳೆಲ್ಲ ಹಿತ್ತಲ ಕಡೆಯ ಕೋಣೆಯಲ್ಲೇ ಇಳಿಯಬೇಕು.

ಆ ಕೋಣೆ ನನ್ನದು! ನಾನು ಎರಡು ವರ್ಷದ ಪ್ಲಸ್ ಟು ಸೇರಿದಾಗ ಓದಿಕೊಳ್ಳಲೆಂದು ಅಪ್ಪ ಕೊಟ್ಟದ್ದು. ನಮ್ಮ ಎಂಟು ಪವರ್‌ಲೂಮುಗಳ ಸದ್ದು ಸ್ವಲ್ಪವಾದರೂ ಕಡಿಮೆ ಕೇಳಿಸುತ್ತಿದ್ದ ಜಾಗ ಮನೆಯಲ್ಲಿ ಅದೊಂದೇ. ಕೊಟ್ಟ ವಾರದಲ್ಲೇ ಎರಡು ಮೂಟೆ ಬಂದು ಕೂತವು, ತಿಂಗಳೊಳಗೆ ಕೋಣೆಯೇ ತುಂಬಿತು. ನನ್ನ ಮೇಜು ಜಗಲಿಯಲ್ಲೇ ಉಳಿಯಿತು.

ನಾನು ಸುಮ್ಮನಿರಲಿಲ್ಲ. ಡೈರಿಯಲ್ಲಿ ಕೋಣೆಗೆ ಬಂದ ಮೂಟೆ, ಅಡುಗೆಮನೆಗೆ ಹೋದ ಪಡಿ ಎಲ್ಲವನ್ನೂ ದಿನ ನಮೂದಿಸಿ ಬರೆಯತೊಡಗಿದೆ. ಅಮ್ಮ ಕೊಳ್ಳೇಗಾಲದ ಕಡೆಯವಳಾದ್ದರಿಂದ ನನಗೆ ಕನ್ನಡ ಅಕ್ಷರ ಕಲಿಸಿದ್ದಳು. ಚಿಕ್ಕಪ್ಪ ಮನೆಯಲ್ಲಿ ಕನ್ನಡ ಆಡುತ್ತಿದ್ದರೇ ಹೊರತು ಓದಲು ಬರುತ್ತಿದ್ದದ್ದು ತಮಿಳು ಮಾತ್ರ. ಸತ್ಯ ಬರೆಯಲು ಇದಕ್ಕಿಂತ ಅನುಕೂಲ ಬೇಕೆ? ನನ್ನ ಲೆಕ್ಕದ ಪ್ರಕಾರ ಕೋಣೆ ಖಾಲಿಯಾಗುವುದು ನನ್ನ ಪರೀಕ್ಷೆ ಮುಗಿದು ಎರಡು ವರ್ಷಕ್ಕೆ.

ಮೊದಲ ವರ್ಷ, ಬೇಸಿಗೆ ಶುರುವಾಗುವ ಮಾಸಿ ತಿಂಗಳ ಒಂದು ಮಂಗಳವಾರ ಚಿಕ್ಕಪ್ಪ ಧಾರಾಪುರಕ್ಕೆ ಹೋದರು. ಅಲ್ಲಿ ಮೆಣಸಿನಕಾಯಿ ಅಗ್ಗವೆಂದು ಯಾರೋ ಹೇಳಿದ್ದರು. ಮೂಟೆಯನ್ನು ಬಸ್ಸಿನ ಮೇಲೆ ಹಾಕಿದರೆ ಲಗೇಜಿನ ದುಡ್ಡು ತೆರಬೇಕೆಂದು ಸೀಟಿನ ಕೆಳಗೆ ತುರುಕಿದರು. ಎರಡು ಸ್ಟಾಪು ದಾಟುವುದರೊಳಗೆ ಬಸ್ಸಿಗೆ ಬಸ್ಸೇ ಸೀನತೊಡಗಿತಂತೆ. ಇದೇನು ಬಸ್ಸೋ ನಶ್ಯದ ಡಬ್ಬಿಯೋ ಎಂದು ಕಂಡಕ್ಟರು ಇವರನ್ನೂ ಮೂಟೆಯನ್ನೂ ನಡುದಾರಿಯಲ್ಲಿ ಇಳಿಸಿದ. ಉಳಿದ ದಾರಿಯನ್ನು ಚಿಕ್ಕಪ್ಪ ಹತ್ತಿ ಸಾಗಿಸುವ ಲಾರಿಯಲ್ಲಿ ಬಂದರು. ಡ್ರೈವರಿಗೆ ಊಟ ಕೊಡಿಸಿದ್ದು, ಕಣ್ಣೊರೆಸಲು ಹೊಸ ಟವೆಲು ಕೊಂಡದ್ದು ಸೇರಿದರೆ ಉಳಿತಾಯಕ್ಕಿಂತ ಖರ್ಚೇ ಎರಡು ರೂಪಾಯಿ ಹೆಚ್ಚು. ಅದನ್ನು ಅವರಿಗೆ ಓದಿ ಹೇಳಿದೆ.

"ಹಿಂಗೆ ಒಂದೊಂದಾಗಿ ನೋಡಬಾರ್ದು ಅಮ್ಮಣಿ," ಎಂದರು ಮೂಗೊರೆಸಿಕೊಳ್ಳುತ್ತಾ. "ಲೆಕ್ಕಾನೂ ಹೋಲ್‌ಸೇಲಾಗಿ ನೋಡ್ಬೇಕು."

ಹರಳೆಣ್ಣೆಯ ಪ್ರಕರಣ ನಡೆದದ್ದು ಎರಡನೆಯ ವರ್ಷದ ಆಯುಧಪೂಜೆಗೆ. ತೊಗರಿಬೇಳೆಗೆ ಹುಳ ಬೀಳದಿರಲೆಂದು ಹರಳೆಣ್ಣೆ ಸವರಿ ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಮೂಟೆಗೆ ಒಂದಿಷ್ಟು ಎಣ್ಣೆ ಸಾಕು. ಆದರೆ ಒಂದಿಷ್ಟು ಎಂಬುದು ಚಿಲ್ಲರೆಯಲ್ಲವೇ? ಚಿಕ್ಕಪ್ಪ ಇಡೀ ಡಬ್ಬ ತಂದರು. ತೆರೆದ ಡಬ್ಬ ಕಮಟು ಹಿಡಿಯುತ್ತದೆ ಎಂದು ಅಷ್ಟನ್ನೂ ಎರಡು ಮೂಟೆ ಬೇಳೆಗೆ ಕುಡಿಸಿದರು. ಪೂಜೆಯ ದಿನ ಮಗ್ಗದವರಿಗೆಲ್ಲ ನಮ್ಮ ಮನೆಯಲ್ಲೇ ಊಟ. ಸಾಂಬಾರು ಬಹಳ ರುಚಿಯಾಗಿದೆಯೆಂದು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಮರುದಿನದ ನನ್ನ ಡೈರಿ: ಓಡಿದ ಮಗ್ಗ ಎರಡು. ಓಡಿದ ಜನ ಹನ್ನೊಂದು!

ಅಂದಿನಿಂದ ಅಮ್ಮ ಆ ಬೇಳೆಯನ್ನು ನಾಲ್ಕು ಸಲ ಬಿಸಿನೀರಲ್ಲಿ ತೊಳೆಯದೆ ಒಲೆಗೇರಿಸಲಿಲ್ಲ. ಸೌದೆಯ ಖರ್ಚನ್ನೂ ನಾನು ಬರೆದುಕೊಂಡೆ.

ಪೊಂಗಲ್ಲಿನ ತೈ ತಿಂಗಳಲ್ಲಿ ಕರೆಂಟು ಕೈಕೊಟ್ಟಿತು. ದಿನಕ್ಕೆರಡು ಗಂಟೆ ಬಂದರೆ ಅದೇ ಹಬ್ಬ. ನೇಯ್ದ ಮೀಟರಿನ ಮೇಲೆ ಪ್ರತಿ ಶನಿವಾರ ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಮನೆಯೇನೋ ನಿಶ್ಶಬ್ದವಾಯಿತು. ಜಗಲಿಯಲ್ಲೇ ಕೂತು ಎಷ್ಟು ಬೇಕಾದರೂ ಓದಬಹುದಿತ್ತು, ಓದು ಹತ್ತಲಿಲ್ಲ. ಮೂರನೆಯ ಶನಿವಾರ ನೂಲು ಸುತ್ತುವ ಸರಸಕ್ಕ ಬರಿಗೈಯಲ್ಲಿ ಹೊರಟಳು. ಅಪ್ಪ ಮುಂಗಡ ಕೊಡಲು ಹೋದರು. ನೂಲು ಸುತ್ತದೆ ದುಡ್ಡು ಮುಟ್ಟುವುದಿಲ್ಲವೆಂದು ಅವಳು ಸೆರಗು ಬಿಗಿದುಕೊಂಡಳು.

ಆಗ ಚಿಕ್ಕಪ್ಪ ನನ್ನ ಕೋಣೆಯಿಂದ ಸಿಡುಕುತ್ತಾ ಬಂದರು, ಕೈಯಲ್ಲಿ ಒಂದು ಪಡಿ ಬೇಳೆ.

"ಎರಡು ಮೂಟೆಗೂ ಹುಳ ಬಿದ್ದೋಗಿದೆ ಸರಸು. ಎಸೆಯೋಕೆ ಮನಸಿಲ್ಲ. ಕೋಳಿಗಾದ್ರೂ ಹಾಕು, ಎತ್ಕೊಂಡು ಹೋಗು."

ನಾನು ಬೆರಗಾಗಿ ನೋಡಿದೆ. ಅಷ್ಟು ಹರಳೆಣ್ಣೆ ಕುಡಿದ ಬೇಳೆಗೆ ಹುಳವೇ? ಬಿದ್ದರೆ ಆ ಹುಳದ ಗತಿಯೇನು? ಹಿಂದಿನ ದಿನ ತಾನೇ ಅಮ್ಮನಿಗೆ ಬೇಳೆ ಅಳೆದು ಕೊಟ್ಟವಳು ನಾನು.

ಸರಸಕ್ಕ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು. "ಹುಳ ಕಾಣ್ತಿಲ್ಲವಲ್ಲ ಧಣಿ?"

"ಒಳಗಡೆ ಇರ್ತದೆ. ಜನ ಕಂಡ್ರೆ ನಾಚಿಕೆ ಅದಕ್ಕೆ."

ಅವಳು ಅವರ ಮುಖ ನೋಡಿ ಸೆರಗೊಡ್ಡಿದಳು. "ಸರಿ. ನಾಲ್ಕು ಸಲ ಬಿಸಿನೀರಲ್ಲಿ ತೊಳೆದೇ ಹಾಕ್ತೀನಿ ಕೋಳಿಗೆ."

ಅವಳ ಮನೆಯಲ್ಲಿ ಕೋಳಿ ಇರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಮಗ್ಗದವರ ಹನ್ನೊಂದು ಮನೆಯವರೂ ಬಂದರು. ಹುಳ ಬಿದ್ದ ಸಾಮಾನು ನಮ್ಮ ತಲೆಗೆ ಕಟ್ಟುತ್ತೀರಾ ಎಂದು ಬಾಯ್ತುಂಬ ಬೈದು, ಚೀಲ ತುಂಬ ಕೊಂಡುಹೋದರು. ಚಿಕ್ಕಪ್ಪ ಹುಣಸೆಗೂ ಹುಳವೆಂದರು. ಮೆಣಸಿನಕಾಯಿಗೂ ಹುಳವೆಂದರು. ಕೊನೆಗೆ ಉಪ್ಪಿಗೂ ಹುಳ ಬಿದ್ದಿದೆ ಎಂದರು. ಉಪ್ಪಿಗೆ!

ಕರೆಂಟು ಸರಿಹೋಗುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು, ನನ್ನ ಲೆಕ್ಕಕ್ಕಿಂತ ಎರಡು ವರ್ಷ ಮೊದಲೇ. ಗುಡಿಸಿ, ಮೇಜು ಒಳಗಿಟ್ಟು, ಡೈರಿ ತೆರೆದೆ. ಚಿಕ್ಕಪ್ಪ ಹೊಸ್ತಿಲ ಆಚೆ ನಿಂತಿದ್ದರು.

"ಏನಂತ ಬರೀತಿದ್ದೀಯ ಅಮ್ಮಣಿ?"

"ಹುಳ ಬಿತ್ತು ಅಂತ."

"ಉಪ್ಪಿಗೂನಾ?"

"ಉಪ್ಪಿಗೂನು."

ಅವರು ತಲೆಯಾಡಿಸಿ ಹೋದರು. ಆ ಡೈರಿಯಲ್ಲಿ ನಾನು ಬರೆದ ಸುಳ್ಳು ಲೆಕ್ಕ ಅದೊಂದೇ.

ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಹೊರಗೆ ಎತ್ತಿನ ಗಾಡಿ ನಿಂತ ಸದ್ದಾಯಿತು. ಗಾಡಿಯಲ್ಲಿ ನಾಲ್ಕು ಮೂಟೆ ಬೇಳೆ. ಮೂಟೆಗಳ ಮೇಲೆ ಚಿಕ್ಕಪ್ಪ. ಇಳಿದು ಬಂದು ಬಾಗಿಲಲ್ಲಿ ಇಣುಕಿ, ನನ್ನ ಮೇಜು ಕಂಡು, ಗಾಡಿಯವನ ಕಡೆ ತಿರುಗಿದರು.

"ಜಗಲೀಲೇ ಇಳಿಸಪ್ಪ. ಒಳಗೆ ಮಗು ಓದ್ಕೋತಾ ಇದೆ."

ಜಗಲಿಯ ಇಬ್ಬನಿಗೆ ಬೇಳೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ನಾನು ಎದ್ದು ಮೇಜನ್ನು ಮೂಲೆಗೆ ಎಳೆದೆ. ಗೋಡೆಯುದ್ದಕ್ಕೆ ಮೂರು ಮೂಟೆ ಹಿಡಿಸಿದವು. ನಾಲ್ಕನೆಯದಕ್ಕೆ ಎಲ್ಲೂ ಜಾಗವಿರಲಿಲ್ಲ. ಕುರ್ಚಿಯನ್ನು ಆಚೆ ಇಟ್ಟೆ.

ಪರೀಕ್ಷೆಗೆ ನಾನು ಓದಿದ್ದೆಲ್ಲ ಆ ಬೇಳೆ ಮೂಟೆಯ ಮೇಲೆ ಕೂತು.