ಕಲ್ಲಿಗೂ ಬಾಯಾರಿಕೆ

ಟೀಚರ್: ಇದನ್ನ ಗಿಡ ಅಂತ ಯಾರಾದ್ರೂ ಅಂತಾರಾ ಆಯಾ? ಪೊರಕೆ ಕಡ್ಡಿ ಥರ ಇದೆ! ನೀರು ಹಾಕಿ ಅಂದಿದ್ದೆ ತಾನೇ?

ಆಯಾ: ನನಗೆಲ್ಲಿ ಅಂದ್ರಿ? ಮಕ್ಕಳೇ ಹಾಕ್ಲಿ, ಜವಾಬ್ದಾರಿ ಬರುತ್ತೆ ಅಂದ್ರಿ. ದಿನಾ ಹಾಕಿದಾರೆ. ಚೆಲ್ಲಿದ್ದನ್ನ ಒರೆಸಿದವಳು ನಾನು!

ಶಿಶುವಿಹಾರದ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ‘ಜೀವ ಇದೆ’ ಎಂಬ ಚೀಟಿಯ ಹಿಂದೆ ಬೀನ್ಸ್ ಗಿಡದ ಕುಂಡ, ‘ಜೀವ ಇಲ್ಲ’ ಎಂಬ ಚೀಟಿಯ ಹಿಂದೆ ಒಂದು ಕಲ್ಲು. ಹೊಸ ಟೀಚರ್ ಪಾಠ ಮಾಡುವುದನ್ನು ನೋಡಲು ಹೆಡ್‌ಮಿಸ್ ಬರುವ ಹೊತ್ತಾಗಿತ್ತು. ಅವರು ಮೆಚ್ಚಿದರೆ ಮಾತ್ರ ಕೆಲಸ ಖಾಯಂ.

ಟೀಚರ್: ಚೀಟಿ ಬದಲಾಯಿಸಿಬಿಡ್ಲಾ?

ಆಯಾ: ಬದಲಾಯಿಸಿ. ಕಲ್ಲಿಗೆ ಜೀವ ಇದೆ ಅಂತ ಹೇಳಿಕೊಡಿ.

ಟೀಚರ್: ಅಯ್ಯೋ, ಹೊಟ್ಟೆ ಉರಿಸಬೇಡಿ. ನನಗೆ ನಿಜವಾಗ್ಲೂ ಭಯ ಆಗ್ತಿದೆ.

ಆಯಾ: ಸುಮ್ನೆ ಅಂದಿದ್ದಲ್ಲ, ಕಲ್ಲನ್ನ ಒಂದ್ಸಲ ನೋಡಿ.

ಕಲ್ಲಿನ ಮೈಯೆಲ್ಲ ಹಸಿರು ಪಾಚಿ ಕಟ್ಟಿತ್ತು.

ಟೀಚರ್: ಇದಕ್ಕೇನು ಬಂತು? ಬಣ್ಣ ಬಳಿದ್ರಾ?

ಆಯಾ: ಹೂಂ, ನನಗೆ ಬೇರೆ ಕೆಲಸ ಇಲ್ಲ ನೋಡಿ!

ಅಷ್ಟರಲ್ಲಿ ಎರಡು ಜಡೆಯ ಪುಟ್ಟಿ ಲೋಟ ಹಿಡಿದುಕೊಂಡು ಒಳಗೆ ಬಂದಳು. ಯಾರನ್ನೂ ಕೇಳದೆ ಕಲ್ಲಿನ ಮೇಲೆ ನೀರು ಸುರಿದಳು.

ಟೀಚರ್: ಏ ಪುಟ್ಟಿ! ಗಿಡಕ್ಕಲ್ವೇನೇ ಹಾಕೋದು?

ಪುಟ್ಟಿ: ನೀವೇ ಹೇಳಿದ್ರಲ್ಲ ಮಿಸ್, ಕಲ್ಲು ಊಟ ಮಾಡಲ್ಲ, ನೀರು ಕುಡಿಯಲ್ಲ, ಬೆಳೆಯಲ್ಲ ಅಂತ. ಪಾಪ ಅನ್ನಿಸ್ತು. ನಾವೆಲ್ಲಾ ಸೇರಿ ಕುಡಿಸಿದ್ವಿ. ಈಗ ಜಾಣ ಆಗಿದೆ!

ಟೀಚರ್: ಮತ್ತೆ ಗಿಡ?

ಪುಟ್ಟಿ: ಅದು ತಾನಾಗೇ ಬೆಳೆಯುತ್ತೆ ಅಂದ್ರಲ್ಲ.

ಆಯಾ (ಬಾಯಿಗೆ ಕೈ ಅಡ್ಡ ಹಿಡಿದು): ಪಾಠ ಚೆನ್ನಾಗೇ ತಲೆಗೆ ಹೋಗಿದೆ.

ಟೀಚರ್: ನಗಬೇಡಿ ಆಯಾ! ಇಲ್ಲಿ ನನ್ನ ಜೀವ ಹೋಗ್ತಾ ಇದೆ.

ಬಾಗಿಲು ತೆರೆಯಿತು. ಹೆಡ್‌ಮಿಸ್ ನೆಟ್ಟಗೆ ಮೇಜಿನ ಬಳಿಗೇ ಬಂದು ಕನ್ನಡಕ ಏರಿಸಿಕೊಂಡರು. ಟೀಚರ್ ಗೋಡೆಗೆ ಒರಗಿ ನಿಂತರು.

ಹೆಡ್‌ಮಿಸ್: ಏನಮ್ಮಾ ಪುಟ್ಟಿ, ಯಾವುದಕ್ಕೆ ಜೀವ ಇದೆ, ಯಾವುದಕ್ಕಿಲ್ಲ, ಹೇಳು ನೋಡೋಣ?

ಪುಟ್ಟಿ (ಒಂದೊಂದನ್ನೇ ತೋರಿಸುತ್ತಾ): ಗಿಡಕ್ಕೆ ಇತ್ತು, ಹೋಯ್ತು. ಕಲ್ಲಿಗೆ ಇರಲಿಲ್ಲ, ಬಂತು. ಮಿಸ್‌ದು ಈಗ ಹೋಗ್ತಾ ಇದೆ.

ಹೆಡ್‌ಮಿಸ್ ಕಲ್ಲನ್ನು ನೋಡಿದರು, ಗಿಡವನ್ನು ನೋಡಿದರು, ಕೊನೆಗೆ ಬಿಳಿಚಿಕೊಂಡಿದ್ದ ಟೀಚರ್ ಮುಖ ನೋಡಿದರು.

ಹೆಡ್‌ಮಿಸ್: ಹಾಗಾದ್ರೆ ಬೇಗ ಇನ್ನೊಂದು ಲೋಟ ನೀರು ತಾ ಪುಟ್ಟಿ. ಈ ಮಿಸ್ ನಮಗೆ ಬೇಕು!