ಜಲೆಸ್ಕಿ, ಯಾವೂರ ಮನಿತನ?

ವಾಡಿಯ ಒಂದು ಸಿಮೆಂಟ್ ಕಾರ್ಖಾನಿ ಗೇಟಿನ್ಯಾಗ ಕುಂತು ಪಾಸ್ ಮಾಡಿ ಕೊಡೋದು ನನ್ನ ನೌಕರಿ. ಒಳಗ ಹೋಗೋರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು, ತಾಲೂಕು ಕೇಳಿ ಕೇಳಿ ಇಪ್ಪತ್ತು ವರ್ಷ ಆತು. ನಗಿ ಬರೋ ಪ್ರಸಂಗ ನಾ ಹುಡುಕ್ಕೊಂಡು ಹೋಗಂಗಿಲ್ರಿ, ಅವೇ ಹೆಲ್ಮೆಟ್ ಹಾಕ್ಕೊಂಡು ಸಾಲಿನ್ಯಾಗ ನಿಂತಿರ್ತಾವ. ಆದ್ರ ಪೋಲಂಡಿನ ಒಬ್ಬ ಇಂಜಿನಿಯರ್ ಬಂದ ಮ್ಯಾಲ ಅವು ಗೇಟ್ ದಾಟಿ ಸೀದಾ ನಮ್ಮ ಅಕ್ಕನ ಮನಿ ಪಡಸಾಲಿಗೇ ಬಂದು ಕುಂತ್ವು. ಅವನ್ನಷ್ಟು ಹೇಳ್ತೀನಿ, ಕೇಳ್ರಿ.

೧. ತಾಲೂಕು ಯಾವುದು?

ಕಲ್ಲು ಅರಿಯೋ ಹೊಸ ಮಷೀನ್ ಕುಂದ್ರಸಲಿಕ್ಕೆ ಅಂವ ಬಂದಿದ್ದ. ಆರಡಿ ಆಳು, ಮೂವತ್ತರ ಆಸುಪಾಸು ವಯಸ್ಸು. ನಮ್ಮ ಬಿಸಿಲಿಗೆ ಎರಡೇ ದಿನದಾಗ ಮುಖ ಟೊಮ್ಯಾಟೊ ಆಗಿತ್ತು. ಪಾಸ್‌ಪೋರ್ಟ್ ನೋಡಿ ಅಡ್ಡಹೆಸರು 'ಜಲೆಸ್ಕಿ' ಅಂತ ಹೊಡದೆ. ಊರಿನ ಹೆಸರೂ ಹ್ಯಾಂಗೋ ಹೊಡದೆ. ತಾಲೂಕಿನ ಹತ್ರ ಬಂದು ಗಾಡಿ ನಿಂತೇ ಬಿಡ್ತು.

ನಮ್ಮ ಕಂಪ್ಯೂಟರಿನ್ಯಾಗ ತಾಲೂಕಿನ ಹೆಸರು ನಾವು ಬರಿಯಂಗಿಲ್ಲ, ಅದು ತೋರಿಸಿದ್ದರಾಗ ಒಂದು ಒತ್ತಬೇಕು. ಅದು ತೋರಸೋದು ಐದೇ: ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಕಲಬುರಗಿ. ಖಾಲಿ ಬಿಟ್ರ ಪಾಸ್ ಹೊರಗ ಬರಂಗಿಲ್ಲ. ಪಾಸ್ ಇಲ್ದೆ ನಮ್ಮ ಮುದುಕ ವಾಚಮನ್ ದೇವರನ್ನೂ ಒಳಗ ಬಿಡಂಗಿಲ್ಲ.

'ತಾಲೂಕು ಯಾವುದಂತ ಕೇಳ್ರಿ' ಅಂದ ವಾಚಮನ್.

ಕೇಳಿದೆ. ಅಂವ ಭಾಳ ಶ್ರದ್ಧೆಯಿಂದ ಇಂಗ್ಲಿಷಿನ್ಯಾಗ ತನ್ನ ಅಡ್ಡಹೆಸರಿನ ಕತಿ ಬಿಚ್ಚಿದ. ಅವರ ಕಡೆ 'ಜಲೆಸಿಯೆ' ಅಂತ ಊರು ಇರ್ತಾವಂತ. ಹಂಗಂದ್ರ ಅಡವಿ ಆಚಿಗಿನ ಊರು. ಅಲ್ಲಿಂದ ಬಂದವರು ಜಲೆಸ್ಕಿ. ನಾ ಇದನ್ನ ಕನ್ನಡದಾಗ ಹೇಳಿದ್ದೇ ತಡ, ವಾಚಮನ್ ಮುಖ ಅರಳ್ತು.

'ಮತ್ತ ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ನಮ್ಮ ಕಡೆ ಅಡವಿ ಇರೋದೆಲ್ಲಿ? ಚಿಂಚೋಳಿ ಒತ್ತರಿ.'

ಒತ್ತಿದೆ. ಪಾಸ್ ಬಂತು. ಒಂದು ವಾರದ ಮ್ಯಾಲ ಸೆಕ್ಯೂರಿಟಿ ಸಾಹೇಬ್ರು ಆ ಪಾಸ್ ಹಿಡಕೊಂಡು ಗೇಟಿಗೆ ಬಂದ್ರು. ಅವರು ಹೊರಗಿನವರು, ಈ ಕಡೆ ಹೊಸಬರು. 'ಏನಪಾ, ಚಿಂಚೋಳಿ ಮಂದಿ ಇಷ್ಟು ಬೆಳ್ಳಗ ಇರ್ತಾರೇನು?' ಅಂತ ಕೇಳಿದ್ರು.

ನಾ ಬೆವರು ಒರಸ್ಕೋಲಿಕತ್ತಿದ್ದೆ. ವಾಚಮನ್ ಮಾತ್ರ ಸೆಲ್ಯೂಟ್ ಹೊಡದು ಹೇಳಿದ: 'ಅಡವಿ ನೆಳ್ಳು ಭಾಳ ಅದರಿ ಅಲ್ಲಿ, ಸಾಹೇಬ್ರ. ಬಿಸಿಲೇ ಬೀಳಂಗಿಲ್ಲ.'

೨. ಮರೂನ್ ಟಿಕಳಿ

ಒಮ್ಮೆ ಪಾಸ್ ಮುಗದದ ಅಂತ ಹೇಳಲಿಕ್ಕೆ ಗೆಸ್ಟ್ ಹೌಸಿನ ಅವನ ಖೋಲಿಗೆ ಹೋದೆ. ಗ್ವಾಡಿ ತುಂಬ ಜಗತ್ತಿನ ನಕಾಶೆ ಹಚ್ಚಿದ್ದ. ಅದರ ಮ್ಯಾಲ ಅಲ್ಲಲ್ಲಿ ಟಿಕಳಿ! ನಮ್ಮ ಹೆಣ್ಣುಮಕ್ಕಳು ಹಣಿಗೆ ಹಚ್ಚೋ ಟಿಕಳಿ, ಮರೂನ್ ಬಣ್ಣದ್ದು.

'ಇದೇನ್ರಿ?' ಅಂದೆ.

ಜಗತ್ತಿನ್ಯಾಗ ಎಲ್ಲೆಲ್ಲಿ ಜಲೆಸ್ಕಿಗಳು ಅದಾರ ಅಂತ ಹುಡುಕೋದು ಅವನ ಚಟ ಅಂತ. ಕೆಲವರು ಕಲ್ಲಿದ್ದಲು ತೆಗೀಲಿಕ್ಕೆ ಜರ್ಮನಿ, ಫ್ರಾನ್ಸಿಗೆ ಹೋದ್ರಂತ. ಕೆಲವರು ಹೊಲ ಸಿಗ್ತದಂತ ಬ್ರೆಜಿಲಿಗೆ, ಕೆಲವರು ಕಾರ್ಖಾನಿ ಕೂಲಿಗೆ ಅಮೆರಿಕದ ಶಿಕಾಗೋಕ್ಕ. ಆಸ್ಟ್ರೇಲಿಯಾದಾಗೂ ಒಂದು ಟಿಕಳಿ ಇತ್ತು.

'ಎಲ್ಲಾರೂ ನಿಮ್ಮ ಬಳಗದವರೇನ್ರಿ?'

'ಅಲ್ಲ. ಜಲೆಸಿಯೆ ಅನ್ನೋ ಊರು ಭಾಳ. ಬ್ಯಾರೆ ಬ್ಯಾರೆ ಊರು, ಬ್ಯಾರೆ ಬ್ಯಾರೆ ಮನಿ. ಹೆಸರಷ್ಟೇ ಒಂದು.'

'ಮತ್ತ ಯಾಕ ಹುಡುಕ್ತೀರಿ?'

'ಖುಷಿಗೆ' ಅಂದ. ಇಂಥಾ ಚಟಕ್ಕ ಏನ್ ಹೇಳಬೇಕ್ರಿ? ಗುಟ್ಕಾಕ್ಕಿಂತ ಪಾಡು ಅಂದ್ಕೊಂಡೆ.

ಹೊರಡಬೇಕಂದ್ರ ನಕಾಶೆಯ ನಮ್ಮ ಕಡೆ ಕಣ್ಣು ಬಿತ್ತು. ಇಡೀ ಹಿಂದುಸ್ತಾನ ಖಾಲಿ, ಆದ್ರ ವಾಡಿ ಇರೋ ಜಾಗದಾಗ ಜೋಡಿ ಟಿಕಳಿ. ಒಂದು ಅವಂದೇ ಅನ್ರಿ. ಇನ್ನೊಂದು?

'ಇನ್ನೊಬ್ಬ ಜಲೆಸ್ಕಿ ಯಾರ್ರಿ ವಾಡಿದಾಗ? ನಾ ಪಾಸ್ ಕೊಟ್ಟಿಲ್ಲಲ್ಲ?'

ಟೊಮ್ಯಾಟೊ ಮುಖ ಬದನಿಕಾಯಿ ಆತು. ಆವಾಗ ನನ್ನ ತಲಿಯಾಗ ಘಂಟಿ ಹೊಡೀತು. ನಮ್ಮ ಅಕ್ಕನ ಮಗಳು ಇದೇ ಕಾರ್ಖಾನಿ ಲ್ಯಾಬಿನ್ಯಾಗ ಕೆಮಿಸ್ಟ್ ಅದಾಳ, ಸೇಡಮ್ಮಿನಿಂದ ದಿನಾ ರೈಲಿಗೆ ಬಂದು ಹೋಗ್ತಾಳ. ಹಬ್ಬ ಇರ್ಲಿ ಹುಣ್ಣಿಮಿ ಇರ್ಲಿ, ಆಕಿ ಹಚ್ಚೋದು ಮರೂನ್ ಟಿಕಳಿ.

ಸಂಜಿಗೆ ಸ್ಟೇಷನ್ನಿನ್ಯಾಗ ಆಕಿನ್ನ ಹಿಡದು ಕೇಳಿದೆ. 'ಮಾವಾ, ಅಂವ ಇನ್ನಾ ನನಗ ಏನೂ ಕೇಳೇ ಇಲ್ಲ' ಅಂತ ಕಣ್ಣು ಬಿಟ್ಟಳು. 'ಸ್ಟಿಕ್ಕರ್ ತೀರ್ಯಾವ ಅಂದ, ಒಂದು ಪಾಕೀಟು ಟಿಕಳಿ ಕೊಟ್ಟಿದ್ದೆ ಅಷ್ಟೇ.'

ಈ ಜಗತ್ತಿನ್ಯಾಗ ಹುಡುಗಿನ್ನ ಕೇಳೋಕ್ಕಿಂತ ಮೊದಲು ನಕಾಶೆದಾಗ ಲಗ್ನ ಮುಗಿಸಿದಾಂವ ಇವನೊಬ್ಬನೇ.

೩. ಸಾಹೇಬ್ರು ಇನ್ನಾ ಬಂದಿಲ್ಲ

ಆಮ್ಯಾಲ ಕೇಳಿದ, ಆಕೀನೂ ಹೂಂ ಅಂದಳು. ತೊಂದರಿ ಶುರು ಆಗಿದ್ದು ಅಲ್ಲಿಂದ. ಮಷೀನಿನ ಕೆಲಸ ಇನ್ನೊಂದು ತಿಂಗಳಿಗೆ ಮುಗೀತಿತ್ತು, ಅಂವ ವಾಪಸ್ ಹೋಗಾಂವ. ನಮ್ಮ ಭಾವ 'ನಮ್ಮಪ್ಪ ಹೂಂ ಅಂದ್ರ ನಂದೂ ಹೂಂ' ಅಂತ ಕೈ ತೊಳಕೊಂಡ. ಹುಡುಗಿ ನನ್ನ ಮುಂದ ಕುಂತು ಹೇಳಿಬಿಟ್ಟಳು: 'ಅಜ್ಜ ಒಲ್ಲೆ ಅಂದ್ರ ನಾ ಓಡಿ ಹೋಗಂಗಿಲ್ಲ, ಮಾವಾ. ಆದ್ರ ಇನ್ನೊಬ್ಬನ್ನ ಮಾಡ್ಕೊಳ್ಳಂಗೂ ಇಲ್ಲ. ನೀನೇ ಏನರ ಮಾಡು.' ನಾ ಎತ್ತಿ ಆಡಿಸಿದ ಕೂಸು ಅದು.

ಅಜ್ಜ ಅಂದ್ರ ಆಕಿ ಅಪ್ಪನ ಅಪ್ಪ. ಸೇಡಮ್ಮಿನ್ಯಾಗ ಅವರ ಮನಿಗೆ ಚಿಂಚೋಳಿಯವರ ಮನಿ ಅಂತಾರ, ಅವರ ಅಡ್ಡಹೆಸರೇ ಚಿಂಚೋಳಿ. ಅಜ್ಜ ರಿಟೈರ್ ಆಗೋತನಕ ಸರ್ವೇ ಖಾತೆದಾಗ ಸರಪಳಿ ಹಿಡದು ಹೊಲ ಅಳದಾಂವ. ಬಾಂದಕಲ್ಲು ಕಾಣದೆ ಒಂದು ಹೆಜ್ಜಿ ಮುಂದ ಇಡಾಂವಲ್ಲ. ಮನಿಗೆ ಹಾಲು ಕೊಡೋ ಎಮ್ಮಿದೂ ಮೂಲ ಊರು ಕೇಳಿದ ಮ್ಯಾಲೇ ಹಾಲು ಕುಡಿಯಾಂವ.

ಹುಡುಗನ್ನ ಕರಕೊಂಡು ಹೋದೆ. ಕನ್ನಡ ಬರ್ತದೇನು ಅಂತ ಅಜ್ಜ ಮೊದಲೇ ವಿಚಾರಿಸಿದ್ದ, ನಾನೂ ಭಾಳ ಛಲೋ ಬರ್ತದ ಅಂತ ಹೇಳಿಬಿಟ್ಟಿದ್ದೆ. ಅಲ್ಲೇ ನೋಡ್ರಿ ಎಡವಟ್ಟಾತು. ಅಂವ ಕನ್ನಡ ಕಲ್ತಿದ್ದು ನಮ್ಮ ಗೇಟಿನ್ಯಾಗ. ಕೇಳಿದ್ದು ತಿಳೀತಿತ್ತು, ಆದ್ರ ಆಡಲಿಕ್ಕೆ ಗೇಟಿನ್ಯಾಗ ಏನೇನು ಅಂತೀವೋ ಅಷ್ಟೇ ಅವಂಗ ಬರ್ತಿತ್ತು.

ಅಜ್ಜ ವಿಭೂತಿ ಹಚ್ಕೊಂಡು ಒಳಗಿಂದ ಪಡಸಾಲಿಗೆ ಬಂದ. ಹುಡುಗ ಗಡಬಡಿಸಿ ಎದ್ದು ಎರಡೂ ಕೈ ಮುಗದು, ಅಜ್ಜನ ಮನಿಯಾಗ ಅಜ್ಜಂಗೇ ಹೇಳಿದ: 'ಬರ್ರಿ, ಕುಂದ್ರಿ. ಸಾಹೇಬ್ರು ಇನ್ನಾ ಬಂದಿಲ್ಲ.'

ಅಕ್ಕ ಸೆರಗು ಬಾಯಿಗೆ ತುರಕ್ಕೊಂಡು ಅಡಗಿಮನಿಗೆ ಓಡಿದಳು. ಅಜ್ಜ ಮಾತ್ರ ಗಂಭೀರ. ಕುಂತ. ಜಾತಿ ಬಗ್ಗೆ ಜಗಳ ಆಗ್ತದಂತ ನಾವೆಲ್ಲ ತಯಾರಾಗಿದ್ವಿ, ಅದರ ಮಾತೇ ಅಂವ ಎತ್ತಲಿಲ್ಲ. 'ಶರಣರ ಮನಿ ಇದು, ಜಾತಿ ಕೇಳಿದ್ರ ನನ್ನ ಬಾಯಿ ಹೊಲಸಾಗ್ತದ. ಆದ್ರ ಮನಿತನ ಯಾವುದು, ಮೂಲ ಯಾವೂರು, ಅದು ಕೇಳಾಂವೇ' ಅಂದ.

ಹುಡುಗ ಮೊಬೈಲಿನ್ಯಾಗ ಪೋಲಂಡ್ ತಗದು ತೋರಿಸಿದ. ಅಲ್ಲೊಂದು ಜಲೆಸಿಯೆ, ಇಲ್ಲೊಂದು ಜಲೆಸಿಯೆ, ಹೊಳಿ ದಂಡಿಗೊಂದು, ಗುಡ್ಡದ ಬುಡಕ್ಕೊಂದು. ಅಜ್ಜ ಚಷ್ಮಾ ಏರಿಸಿ ನೋಡಿ ಖರೇನ ಸಿಟ್ಟಿಗೆದ್ದ.

'ಇಷ್ಟೂ ಊರಿಗೆ ಒಂದೇ ಹೆಸರಾ? ಇದನ್ನ ಸರ್ವೇ ಮಾಡಿದಾಂವ ಯಾವ ಬೇವಕೂಫ? ನನ್ನ ಕೈಯಾಗ ಸಿಕ್ಕಿದ್ರ ಸಸ್ಪೆಂಡ್ ಮಾಡಸ್ತಿದ್ದೆ!'

೪. ಚೌಕಶಿ

ನಮ್ಮ ಕಡೆ ಲಗ್ನಕ್ಕಿಂತ ಮೊದಲು ಚೌಕಶಿ ಅಂತ ಮಾಡ್ತೀವಿ. ಇಬ್ಬರು ಹಿರೇರು ಹೇಳ್ದೆ ಕೇಳ್ದೆ ಆ ಊರಿಗೆ ಹೋಗೋದು. ಒಂದು ಕಿರಾಣಿ ಅಂಗಡಿ ಕಟ್ಟಿ ಮ್ಯಾಲ ಕುಂತು, ಬೀಡಿ ಹಚ್ಚಿ, ಇಂಥಾ ಮನಿತನದವರು ಹ್ಯಾಂಗ್ರಿ ಅಂತ ಕೇಳೋದು. ಅಂಗಡಿಯಾಂವ ಛಲೋ ಅಂದ್ರ ಲಗ್ನ. ಮೂಗು ಮುರದ ಅಂದ್ರ ಅಲ್ಲಿಗೆ ಮುಗೀತು. ಎದುರಿನವರಿಗೆ ಸುಳಿವು ಸಿಗಬಾರದು, ಅದು ಮುಖ್ಯ.

'ಪೋಲಂಡಿಗೂ ಚೌಕಶಿ ಆಗಬೇಕು' ಅಂದ ಅಜ್ಜ. 'ಅದಿಲ್ದೆ ನಾ ಹೂಂ ಅನ್ನಾಂವಲ್ಲ.'

ಹೋಗೋದು ಆಗದ ಮಾತು. ವಿಡಿಯೋ ಫೋನ್ ಹಚ್ಚೋದಂತ ಠರಾವ್ ಆತು. ತನ್ನ ಮುತ್ತಜ್ಜ ಬಿಟ್ಟು ಬಂದ ಜಲೆಸಿಯೆ ಯಾವುದಂತ ಹುಡುಗ ತೋರಿಸಿದ. ಆ ಊರಿನ ಕಿರಾಣಿ ಅಂಗಡಿ ನಂಬರೂ ನಕಾಶೆದಾಗೇ ಸಿಕ್ತು. ಶನಿವಾರ ಮಧ್ಯಾಹ್ನ ಎಲ್ಲಾರೂ ಪಡಸಾಲಿದಾಗ ಸೇರಿದ್ವಿ. ಆದ್ರ ಒಂದು ಫಜೀತಿ. ಪೋಲಂಡಿನ ಭಾಷಾ ಸೇಡಮ್ಮಿನ್ಯಾಗ ಯಾರಿಗೆ ಬರ್ತದ? ಹುಡುಗಂಗೇ. ಗುಟ್ಟಿನ ಚೌಕಶಿ ಯಾರ ಮ್ಯಾಲೆ? ಅದೇ ಹುಡುಗನ ಮ್ಯಾಲೆ!

ಅಜ್ಜ ಭಾಳ ಹೊತ್ತು ವಿಚಾರ ಮಾಡಿ ಅವನ್ನ ಕ್ಯಾಮೆರಾಕ್ಕ ಕಾಣದಂಗ ಬಾಗಲ ಹಿಂದ ನಿಲ್ಲಿಸಿದ. 'ನೀನೇ ಕೇಳು. ಆದ್ರ ನೀನೇ ಅವನಂತ ಹೇಳಬ್ಯಾಡ. ಸುಳ್ಳು ಹೇಳಂಗಿಲ್ಲಂತ ನಿನ್ನ ಮಷೀನಿನ ಆಣಿ ಮಾಡು.' ಹುಡುಗ ಮಾಡಿದ.

ಫೋನಿನ್ಯಾಗ ಒಬ್ಬಾಕಿ ದಪ್ಪನ ಹೆಣ್ಣುಮಗಳು ಬಂದಳು, ಹಿಂದ ಬ್ರೆಡ್ಡಿನ ಸಾಲು. 'ಜಲೆಸ್ಕಿ ಮನಿ ಹುಡುಗ ಹ್ಯಾಂಗದಾನ ಕೇಳು' ಅಂದ ಅಜ್ಜ. ಹುಡುಗ ಬಾಗಲ ಹಿಂದಿಂದ ಕೇಳಿದ. 'ಕುಡೀತಾನೇನು ಕೇಳು.' ಕೇಳಿದ. 'ಸಿಟ್ಟು ಜಾಸ್ತಿ ಏನು?' ಅದನ್ನೂ ಕೇಳಿದ. ಆಕಿ ಕೈ ಆಡಿಸಿ ಆಡಿಸಿ ಭಾಳ ಹೊತ್ತು ಮಾತಾಡಿದಳು. ಹುಡುಗನ ಮುಖ ಸಣ್ಣಗಾಗ್ತಾ ಹೋತು.

'ಏನಂತ?' ಅಂದ ಅಜ್ಜ.

'ಜಲೆಸ್ಕಿ ಇಲ್ಲಂತ. ಊರಾಗ ಒಬ್ಬರೂ ಇಲ್ಲಂತ. ಆಕಿ ಅಜ್ಜಿ ಕಾಲದಾಗೂ ಇದ್ದಿಲ್ಲಂತ.'

ಅಯ್ಯೋ ಹುಚ್ಚಪ್ಪಾ! ನಾನಾಗಿದ್ರ ಬಂಗಾರದಂಥಾ ಮನಿತನ ಅಂತಾರಂತ ಹೇಳಿ ಫೋನ್ ಇಡ್ತಿದ್ದೆ. ಆ ಸುಡುಗಾಡು ಮಷೀನಿನ ಆಣಿಗೆ ಅಂಜಿ ಇದ್ದದ್ದು ಇದ್ದಂಗ ಹೇಳಿ ನಿಂತಾನ. ಅಜ್ಜ ಎದ್ದೇ ಬಿಟ್ಟ.

'ಮುಗೀತು! ಊರಿನವರಿಗೇ ಗೊತ್ತಿಲ್ಲದ ಮನಿತನ! ನಾಳೆ ನಮ್ಮ ಹುಡುಗಿನ್ನ ಎಲ್ಲಿ ಅಂತ ಹುಡುಕಬೇಕು? ಒಲ್ಲೆ ಅಂದ್ರ ಒಲ್ಲೆ!'

ಅಕ್ಕ ಅಳಲಿಕ್ಕೆ ಶುರು ಮಾಡಿದಳು. ಹುಡುಗ ಬಾಗಲ ಹಿಂದೇ ನಿಂತಿದ್ದ, ಹೊರಗ ಬರಬೇಕೋ ಬ್ಯಾಡೋ ತಿಳೀಲಿಲ್ಲ ಅವಂಗ. ಹುಡುಗಿ ಮಾತ್ರ ಗಪ್ಪನ ಎದ್ದು ಬಂದು ಅಜ್ಜನ ಮುಂದ ನಿಂತಳು.

'ಅಜ್ಜಾ, ನಮ್ಮ ಮೂಲ ಚಿಂಚೋಳಿ ಅಲ್ಲೇನು? ಅಲ್ಲಿಗೂ ಒಂದ್ಸಲ ಫೋನ್ ಹಚ್ಚಿ ನಮ್ಮ ಮನಿತನ ಹ್ಯಾಂಗಂತ ಕೇಳು. ಅವರಿಗೆ ಗೊತ್ತಿದ್ರ ನೀ ಹೇಳಿದಂಗ ಕೇಳ್ತೀನಿ.'

'ಕೇಳದೇ ಬಿಡ್ತೀನೇನು? ಹಚ್ಚು! ಕಿರಾಣಿ ಅಂಗಡಿದೇ ಹಚ್ಚು!' ಅಜ್ಜ ಮೀಸಿ ತಿರುವಿದ.

ಆಕಿ ನಂಬರ್ ಹುಡುಕಲೇ ಇಲ್ಲ, ಒಂದೇ ಸಲ ಒತ್ತಿ ಸ್ಪೀಕರ್ ಹಾಕಿದಳು. ಅಜ್ಜ ಚೌಕಶಿ ರಿವಾಜಿನ ಪ್ರಕಾರ ತಾ ಯಾರಂತ ಹೇಳ್ದೆ ಸುರು ಮಾಡಿದ: 'ಸೇಡಮ್ಮಿನ್ಯಾಗ ಚಿಂಚೋಳಿ ಅಂತ ಒಂದು ಮನಿತನ ಅದ. ಮೂಲ ನಿಮ್ಮೂರಂತ. ಹ್ಯಾಂಗ ಮಂದಿ ಅವರು?'

'ಯಪ್ಪಾ, ಮತ್ತ ಅದೇನಾ!' ಅಂದ ಅಂಗಡಿಯಾಂವ. 'ಚಿಂಚೋಳಿದಾಗ ಚಿಂಚೋಳಿ ಅನ್ನೋ ಮನಿತನ ಎಲ್ಲಿಂದ ಬರ್ತದ್ರಿ? ಇಲ್ಲಿ ಎಲ್ಲಾರೂ ಚಿಂಚೋಳಿಯವರೇ. ಊರು ಬಿಟ್ಟು ಹೋದವರಿಗಷ್ಟೇ ಆ ಹೆಸರು ಹತ್ತತದ. ಹೋದ ವಾರ ಅವರಿಗೂ ಇದನ್ನೇ ಹೇಳೀನಿ.'

ಅಜ್ಜನ ಮೀಸಿ ಮ್ಯಾಲಿನ ಕೈ ಅಲ್ಲೇ ನಿಂತಿತು. 'ಯಾರಿಗೆ?'

'ಯಾವ ದೇಶದಾಕಿನೋ ಏನೋ, ಒಬ್ಬಾಕಿ ವಯಸ್ಸಾದ ಹೆಣ್ಣುಮಗಳು. ಮಗಂಗ ಹುಡುಗಿ ನೋಡ್ಲಿಕತ್ತೀವಿ ಅಂದಳು. ಆಕಿ ಇಂಗ್ಲಿಷಿನ್ಯಾಗ ಟುಸ್ ಪುಸ್ ಅನ್ನಾಕಿ, ನಡುವ ಒಂದು ಹುಡುಗಿ ಅದನ್ನ ಕನ್ನಡದಾಗ ಹೇಳಾಕಿ. ಹುಡುಗಿ ಹ್ಯಾಂಗ, ಅಡಗಿ ಬರ್ತದೇನು, ಎಲ್ಲಾ ಕೇಳಿದ್ರು. ಆ ಮನಿ ಅಜ್ಜ ಭಾಳ ಸಿಟ್ಟಿನಾಂವಂತಲ್ಲ, ಖರೇ ಏನು ಅಂತಾನೂ ಕೇಳಿದ್ರು.'

'ನೀ ಏನಂದಿ?'

'ಗೊತ್ತಿಲ್ಲ ಅಂದೆ. ಆ ನಡುವಿನ ಹುಡುಗೀನೇ ಬಾಯಿ ಹಾಕಿ, ಸಿಟ್ಟು ಹೌದ್ರಿ, ಆದ್ರ ಮನಸು ಬೆಣ್ಣಿ ಅದ ಅಂತ ಹೇಳಿದಳು. ನೀವೇ ಹೇಳೋದಾದ್ರ ನನಗ್ಯಾಕ ಫೋನ್ ಹಚ್ಚಿ ತಲಿ ತಿಂತೀರಿ ಅಂತ ಬೈದು ಇಟ್ಟೆ. ಈಗ ನಿಮಗೂ ಇಡ್ತೀನಿ, ಗಿರಾಕಿ ಬಂದಾರ.'

ಫೋನ್ ಕಟ್ಟಾತು. ಎಲ್ಲಾರೂ ಹುಡುಗಿ ಕಡೆ ನೋಡಿದ್ವಿ. ಆಕಿ ನೆಲ ನೋಡ್ಲಿಕತ್ತಿದ್ದಳು, ಆದ್ರ ಭುಜ ನಗಿಗೆ ಕುಣೀಲಿಕತ್ತಿದ್ವು. ಬಾಗಲ ಹಿಂದಿನ ಆರಡಿ ಆಳು ಬಾಯಿ ತೆರಕೊಂಡು ನಿಂತಿದ್ದ. ಅವರವ್ವ ಮಾಡಿದ್ದು ಅವಂಗೂ ಗೊತ್ತಿದ್ದಿಲ್ಲ.

ಅಜ್ಜ ಮೆಲ್ಲಕ ಕುಂತ. ಚಷ್ಮಾ ತಗದು ಒರಸಿದ. ಆಮ್ಯಾಲ ಮೊಮ್ಮಗಳನ್ನ ಕೇಳಿದ: 'ಚಿಂಚೋಳಿದಾಗ ನಮ್ಮವರು ಯಾರೂ ಇಲ್ಲ ಅಂದಿದ್ದಕ್ಕ ನಿಮ್ಮ ಅತ್ತಿ ಏನಂದಳು?'

ನಿಮ್ಮ ಅತ್ತಿ! ಅಕ್ಕನ ಅಳು ಅಲ್ಲಿಗೇ ನಿಂತಿತು.

'ನಮ್ಮಂಗೇ ಊರು ಬಿಟ್ಟು ಬಂದ ಮಂದಿ, ನಮ್ಮ ಸಂಕಟ ಅವರಿಗೆ ತಿಳೀತದ, ಛಲೋ ಆತು ಅಂದಳು ಅಜ್ಜಾ' ಅಂದಳು ಹುಡುಗಿ.

ಅಜ್ಜ ಬಾಗಲ ಕಡೆ ತಿರುಗಿ ಆ ಹುಡುಗನ್ನ ಬುಡದಿಂದ ತುದಿತನಕ ಒಮ್ಮೆ ಅಳದ. ಆಮ್ಯಾಲ ನನ್ನ ಕಡೆ ನೋಡಿ ಗಟ್ಟಿಯಾಗಿ ಹೇಳಿದ:

'ಹುಡುಗ ಹ್ಯಾಂಗರ ಇರ್ಲಿ ಬಿಡು, ತಮ್ಮಾ. ನನಗಿಂತ ಒಂದು ವಾರ ಮೊದಲು ಚೌಕಶಿ ಮುಗಿಸಿದ ಬೀಗತಿ ಆಕಿ, ಆಕಿನ್ನ ಮಾತ್ರ ಕೈ ಬಿಡಬ್ಯಾಡ್ರಿ!'