ಸಿಕ್ಕಿಬಿದ್ದ ಹುಲಿಯ ಘರ್ಜನೆ

ಮುಕ್ತ ತಂತ್ರಾಂಶದ ಹುಚ್ಚು ಹತ್ತಿದವರಲ್ಲಿ ಒಂದು ದೋಷವಿದೆ. ನಮಗೆ ಒಬ್ಬರೇ ಕೂತು ಸುಖಪಡಲು ಬರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಅವರ ಕಂಪ್ಯೂಟರಿನ ಕಡೆ ಮರುಕದಿಂದ ನೋಡುತ್ತೇವೆ. ಇದರೊಳಗಿರುವುದನ್ನು ಯಾರು ಬೇಕಾದರೂ ತೆರೆದು ನೋಡುವಂತಿರಬೇಕು, ತಿದ್ದುವಂತಿರಬೇಕು, ಹಂಚುವಂತಿರಬೇಕು ಎಂದು ಶುರುಮಾಡಿದರೆ ಮನೆಯವರು ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಅಲ್ಲೇ ಉಳಿಯುತ್ತಾರೆ. ಆದರೂ ನನ್ನ ಮಾತಿಗೆ ಆಧಾರವಿದೆ. ಕುರೆಕುಪ್ಪದ ಕಡೆಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನನ್ನದು. ಅಲ್ಲಿರುವುದೆಲ್ಲ ಬೀಗ ಜಡಿದ ತಂತ್ರಾಂಶ. ಕೆಟ್ಟಾಗ ಅದು ಹೇಳುವುದು ಒಂದೇ ಮಾತು: ‘ನಿಮ್ಮ ವ್ಯವಸ್ಥಾಪಕರನ್ನು ಸಂಪರ್ಕಿಸಿ.’ ಆ ವ್ಯವಸ್ಥಾಪಕ ನಾನೇ. ನಾನು ಯಾರನ್ನು ಸಂಪರ್ಕಿಸಲಿ?

ಆಟಗಳ ವಿಷಯದಲ್ಲೂ ನನಗೆ ಅಭಿಪ್ರಾಯಗಳಿವೆ, ಯಾರೂ ಕೇಳಿಲ್ಲ ಅಷ್ಟೇ. ನನ್ನ ಜೊತೆ ಕೆಲಸ ಮಾಡುವ ಬಸವರಾಜ ಆಟಕ್ಕೆಂದೇ ಒಂದು ಕಂಪ್ಯೂಟರ್ ಕಟ್ಟಿಸಿದ್ದಾನೆ. ಗಣೇಶನ ಪೆಂಡಾಲಿನಂತೆ ಅದರ ತುಂಬ ಬಣ್ಣದ ದೀಪ. ಫ್ಯಾನು ತಿರುಗಿದರೆ ಪಕ್ಕದವರ ಮಾತು ಕೇಳುವುದಿಲ್ಲ. ಪರದೆಯ ಮೇಲೆ ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಬೇರೆ ಬೇರೆಯಾಗಿ ಅಲುಗುತ್ತದೆ ಎಂದು ಹೆಮ್ಮೆಯಿಂದ ತೋರಿಸಿದ. ಇಷ್ಟಕ್ಕೆ ಕಂಪ್ಲಿ ರಸ್ತೆಯ ಭತ್ತದ ಗದ್ದೆ ಸಾಲದೇ ಎಂದೆ. “ಸರ, ಅಲ್ಲಿ ಗನ್ ಕೊಡಂಗಿಲ್ರಿ” ಎಂದ. ಆಟದ ಜೀವ ಗ್ರಾಫಿಕ್ಸ್ ಕಾರ್ಡಿನಲ್ಲಿಲ್ಲ, ನಿಯಮದಲ್ಲಿದೆ ಎಂದು ಅವನಿಗೆ ತೋರಿಸುವ ಹಟದಿಂದಲೇ ನಾನೊಂದು ಆಟ ಬರೆದೆ.

ಅದು ನಮ್ಮ ಹಳೆಯ ಹುಲಿ-ಕುರಿ ಆಟ. ಗೆರೆ ಎಳೆದ ಮನೆಗಳ ಮೇಲೆ ಒಬ್ಬರು ಹುಲಿ ನಡೆಸುತ್ತಾರೆ, ಇನ್ನೊಬ್ಬರು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಅಲುಗದಂತೆ ಕುರಿಗಳೆಲ್ಲ ಸೇರಿ ಸುತ್ತುಗಟ್ಟಿದರೆ ಹುಲಿ ಸೋತಂತೆ. ಇಂಥ ಆಟ ಅಂತರ್ಜಾಲದಲ್ಲಿ ಬೇಕಾದಷ್ಟಿದೆ. ಆದರೆ ನನ್ನದರಲ್ಲಿ ಮಾತ್ರ ಘರ್ಜನೆ ಇತ್ತು. ಸಿಕ್ಕಿಬಿದ್ದ ಹುಲಿ ಘರ್ಜಿಸಬಹುದು, ಆಗ ಒಂದು ಕುರಿ ಹೆದರಿ ಓಡಬೇಕು. ಸಂಡೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಚಿಕ್ಕಂದಿನಲ್ಲಿ ಆಡುತ್ತಿದ್ದುದೇ ಹಾಗೆ; ಅಜ್ಜಿ ಹೇಳಿಕೊಟ್ಟ ನಿಯಮ ಅದು. ‘ನಮ್ಮ ಸೀಮೆಯ ಪ್ರಾಚೀನ ನಿಯಮ’ ಎಂದು ವಿವರಣೆಯಲ್ಲಿ ಬರೆದು, ಘರ್ಜನೆಗೆ ಸದ್ದನ್ನೂ ಸೇರಿಸಿ, ಆಟವನ್ನು ಲೋಕಕ್ಕೆ ತೆರೆದಿಟ್ಟೆ.

ಬಹಳ ದಿನ ಲೋಕ ಸುಮ್ಮನಿತ್ತು. ಕೊನೆಗೆ ಎಲ್ಲಿಯವರೋ ಅಪರಿಚಿತರೊಬ್ಬರು ಬರೆದರು: ‘ನಿಮ್ಮ ಆಟ ಚೆನ್ನಾಗಿದೆ. ಆದರೆ ಘರ್ಜನೆ ಇದ್ದರೆ ಕುರಿ ಎಂದಿಗೂ ಗೆಲ್ಲುವುದಿಲ್ಲ. ಇದು ದೋಷ. ತೆಗೆದುಹಾಕಬಹುದೇ?’

ನನಗೆ ಅನ್ನ ರುಚಿಸಲಿಲ್ಲ. ಘರ್ಜನೆ ಹೋದರೆ ನನ್ನ ಆಟ ಗುಂಪಿನಲ್ಲಿ ಗೋವಿಂದ. “ಯಾರೂ ನೋಡವಲ್ರು ಅಂತ ಅಳ್ತಿದ್ರಿ, ಈಗ ಒಬ್ರು ನೋಡ್ಯಾರ, ಅದಕ್ಕೂ ಅಳ್ತೀರಲ್ರೀ” ಎಂದಳು ಹೆಂಡತಿ ಗಿರಿಜಾ. ಪುರಾವೆ ಹುಡುಕಿಕೊಂಡು ಅವಳೊಂದಿಗೆ ಹಂಪಿಗೆ ಹೋದೆ. ಅಲ್ಲಿನ ಒಂದು ಮಂಟಪದ ನೆಲದಲ್ಲಿ ಯಾರೋ ಕೊರೆದ ಆಟದ ಮನೆಗಳಿರುವುದು ನನಗೆ ಗೊತ್ತಿತ್ತು. ಮನೆಗಳೇನೋ ಇದ್ದವು, ಗೆರೆಗಳೂ ಸ್ಪಷ್ಟವಾಗಿದ್ದವು. ಗಿರಿಜಾ ಬಗ್ಗಿ ನೋಡಿ, “ಇದರಾಗ ಗರ್ಜನಿ ಎಲ್ಲಿ ಕೆತ್ಯಾರ, ತೋರಿಸ್ರಿ” ಎಂದಳು. ಹಾರ್ಡ್‌ವೇರ್ ಅಷ್ಟು ಗಟ್ಟಿಯಾಗಿ ಉಳಿದಿದೆ, ಸಾಫ್ಟ್‌ವೇರ್ ಮಾತ್ರ ಆಡಿದವರ ಜೊತೆಗೇ ಎದ್ದು ಹೋಗಿದೆ.

ಉಳಿದ ಸಾಕ್ಷಿ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಅಕ್ಕ ಶಾಂತಾ. ಕಟ್ಟೆಯ ಮೇಲೆ ಯಾವಾಗಲೂ ಹುಲಿ ಅವಳೇ, ಕುರಿ ನಾನೇ. ಭಾನುವಾರ ನಾನೂ ಗಿರಿಜಾಳೂ ಅವಳ ಮನೆಗೆ ಹೋಗಿ, ಲ್ಯಾಪ್‌ಟಾಪ್ ತೆರೆದು ಘರ್ಜನೆ ಕೇಳಿಸಿದೆವು. ಅಕ್ಕ ನಗಲು ಹತ್ತಿದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಯ್ಯ, ಇದು ನಾ ಮಾಡಿದ್ದಲೇ! ಒಂದ್ ದಿನ ನೀ ಹುಲೀನ ಸುತ್ತಗಟ್ಟಿ ಗೆಲ್ಲಾಕ ಬಂದಿದ್ದಿ. ಏನ್ ಮಾಡ್ಲಿ? ಜೋರಾಗಿ ಒದರಿದೆ. ನೀ ಅಂಜಿ ಒಂದು ಕುರಿ ತೆಗೆದಿ. ಅವತ್ತಿಂದ ಅದ ಕಾಯ್ದೆ ಆತು.”

“ಮತ್ತ ಅಜ್ಜಿ ಹೇಳಿದ್ಲು ಅಂತಿದ್ದಿ?”

“ಹಂಗ ಅನ್ನದಿದ್ರ ನೀ ನಂಬ್ತಿದ್ದೇನು?”

ನೆನಪನ್ನು ನಂಬಬಾರದೆಂದೇ ನಾನು ದಿನಚರಿ ಬರೆಯುವವನು. ಆದರೆ ಅಕ್ಷರ ಕಲಿಯುವುದಕ್ಕೆ ಮೊದಲಿನದನ್ನು ಏನು ಮಾಡುವುದು? ಅಜ್ಜಿ ಕಟ್ಟೆಯ ಮೇಲೆ ಕೂತು ನಿಯಮ ಹೇಳಿದ್ದು, ಅವಳ ಕೈಬಳೆಯ ಸಮೇತ, ನನಗೆ ನೆನಪಿದೆ. ನೆನಪಿನಂಥ ಮುಚ್ಚಿದ ತಂತ್ರಾಂಶ ಇನ್ನೊಂದಿಲ್ಲ. ಒಳಗೆ ಯಾರು ಯಾವಾಗ ಏನು ಬರೆದು ಹೋದರೆಂದು ತೆರೆದು ನೋಡುವಂತಿಲ್ಲ. ಅಂತೂ ನಾನು ಲೋಕಕ್ಕೆ ಹಂಚಿದ್ದು ಸೀಮೆಯ ಪರಂಪರೆಯನ್ನಲ್ಲ, ನನ್ನ ಅಕ್ಕನ ಮೋಸವನ್ನು; ಅದೂ ಸದ್ದಿನ ಸಮೇತ, ಪುಕ್ಕಟೆಯಾಗಿ.

ಅಲ್ಲೇ ಕೂತು ಅಪರಿಚಿತರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ನಕ್ಕು ಬಿಡುತ್ತಾರೆ, ನನ್ನ ಆಟದ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಊಟ ಮುಗಿಯುವುದರೊಳಗೆ ಉತ್ತರ ಬಂತು: ‘ದಯವಿಟ್ಟು ಪೂರ್ತಿ ತೆಗೆಯಬೇಡಿ. ನನ್ನ ಮಗಳು ಈಗ ಊಟಕ್ಕೆ ಕರೆದರೂ ಘರ್ಜಿಸುತ್ತಾಳೆ. ಇಬ್ಬರೂ ಆಟಗಾರರು ಒಪ್ಪಿದರೆ ಮಾತ್ರ ಘರ್ಜನೆ ಇರಲಿ. ಕೆಳಗೆ ನಿಮ್ಮ ಅಕ್ಕನ ಹೆಸರು ಹಾಕಿ.’ ಜೊತೆಗೆ ತಾವೇ ತಿದ್ದಿದ ಕೋಡನ್ನೂ ಕಳಿಸಿದ್ದರು. ಮುಖ ಕಾಣದವರೊಬ್ಬರು ನನ್ನ ತಪ್ಪನ್ನು ಬಯ್ಯದೆ ತಿದ್ದಿ, ಅಕ್ಕನ ಮೋಸಕ್ಕೆ ಗೌರವದ ಜಾಗ ಕೊಟ್ಟಿದ್ದರು. ನಾನು ಇಷ್ಟು ದಿನ ಮನೆಮನೆಯಲ್ಲಿ ಚಹಾ ಇಲ್ಲದೆ ಹೇಳಿದ್ದು ಇದನ್ನೇ.

ಆ ತಿದ್ದುಪಡಿ ಸೇರಿಸಿ, ಅಕ್ಕನೊಡನೆ ಆಡಲು ಕೂತೆ. ಜೀವಮಾನದಲ್ಲಿ ಮೊದಲ ಸಲ ಹುಲಿ ನನಗೆ ಬಂತು. ಗತ್ತಿನಿಂದಲೇ ನಡೆಸಿದೆ. ಅಕ್ಕ ಮಾತಾಡುತ್ತ ಮಾತಾಡುತ್ತ ಕುರಿಗಳನ್ನು ತಂದು ನಾಲ್ಕೂ ಕಡೆ ನಿಲ್ಲಿಸಿದಳು. ದಾರಿ ಕಾಣದೆ, ಗಿರಿಜಾ ಬೆಚ್ಚುವಂತೆ ಗಂಟಲೆತ್ತಿ ಘರ್ಜಿಸಿದೆ.

“ಇಬ್ರೂ ಒಪ್ಪಬೇಕಂತ ಈಗ ತಾನ ನೀನ ಹಾಕಿದಿಯಲ್ಲಲೇ” ಎಂದಳು ಅಕ್ಕ. “ನಾ ಒಪ್ಪಂಗಿಲ್ಲ.”

ತೆರೆದಿಟ್ಟದ್ದಕ್ಕೆಲ್ಲ ಬೀಗ ಜಡಿದುಬಿಡಬೇಕು ಎಂದು ನನಗೆ ಅನ್ನಿಸಿದ್ದು ಅದೊಂದೇ ಸಲ.